ಹೊರಸಿನ ಮೇಲಿನ ನೂಡಲ್ಸ್

ದುಂಡೇಶನ ಕಿರಾಣಿ ಅಂಗಡಿಯಲ್ಲಿ ನೂಡಲ್ಸ್ ಪ್ಯಾಕೆಟ್ಟುಗಳು ಇರುವುದು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಊದಿನಕಡ್ಡಿಯ ಪಕ್ಕದಲ್ಲಿ. ಶ್ರೀಶೈಲ ಆ ಕಡೆ ಕೈ ಮಾಡಿದಾಗ ದುಂಡೇಶ ಸಹಜವಾಗಿ ಊದಿನಕಡ್ಡಿಯ ಕಟ್ಟನ್ನೇ ಇಳಿಸಿದ.

"ಅದಲ್ಲೋ, ಅದರ ಬಾಜೂದ್ದು. ನೂಡಲ್ಸ್."

"ಎಷ್ಟ ಕೊಡ್ಲಿರಿ ಮಾಸ್ತರ?"

"ಒಂದ ಸಾಕ. ಒಬ್ಬಂವ ಅದೇನಿ."

"ಮತ್ತ ನೂಡಲ್ಸ್ ಗಾಡಿ ನೀವ ಹಚ್ಚಾವ್ರೇನೋ ಅನ್ಕೊಂಡ್ನಿ," ಎಂದು ನಗಲು ಹೋದ ದುಂಡೇಶ, ತಾನು ಯಾರ ಗಾಡಿಯ ಮಾತಾಡುತ್ತಿದ್ದೇನೆಂದು ನೆನಪಾಗಿ, ಪ್ಯಾಕೆಟ್ಟಿನ ಮೇಲಿನ ಧೂಳನ್ನು ತನ್ನ ಅಂಗಿಯ ಚುಂಗಿನಿಂದ ಒರೆಸಿ ಎರಡೂ ಕೈಯಿಂದ ಕೊಟ್ಟ.

ದಿಲಾವರ ತೀರಿಕೊಂಡು ಅಂದಿಗೆ ನಲವತ್ತೆರಡು ದಿನವಾಗಿತ್ತು.

ಸಿಂದಗಿಯ ಬಜಾರದ ಹಿಂದಿನ ಓಣಿಯಲ್ಲಿ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳಿವೆ. ಒಂದು ಶ್ರೀಶೈಲನದು, ಇನ್ನೊಂದು ದಿಲಾವರನದು. ಊರವರು ಮಾಸ್ತರ ಎನ್ನುವ ಶ್ರೀಶೈಲನ ಕಸುಬು ಹೊಲಿಗೆ. ಆದರೆ ಅಂಗಿ, ಪ್ಯಾಂಟಿನ ಹೊಲಿಗೆಯಲ್ಲ. ಮೋಟಾರ್‌ಸೈಕಲ್ಲಿನ ಸೀಟು, ಟ್ರ್ಯಾಕ್ಟರಿನ ಹುಡ್ಡು, ರಾಶಿಯ ಮೇಲೆ ಹೊದಿಸುವ ತಾಡಪತ್ರಿ, ಇಂಥ ದಪ್ಪ ಬಟ್ಟೆಯ ಕೆಲಸ. ಅಳತೆ ತಪ್ಪದ ಕೈ. ಇಂಡಿಯಿಂದ, ಬಾಗೇವಾಡಿಯಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ವಯಸ್ಸು ಐವತ್ತಮೂರು. ಲಗ್ನದ ಮಾತು ಎರಡು ಸಲ ಹೊಸ್ತಿಲಿನವರೆಗೆ ಬಂದು ತಿರುಗಿ ಹೋಗಿತ್ತು. ಮೂರನೆಯ ಸಲ ಯಾರೂ ಎತ್ತಲಿಲ್ಲ, ಅವನೂ ಕೇಳಲಿಲ್ಲ. ತಾಯಿ ಇರುವವರೆಗೆ ತಾಯಿಯ ಕೈಯ ರೊಟ್ಟಿ ಉಂಡ. ಆಕೆ ಹೋದ ಮೇಲೆ ಬೆಳಿಗ್ಗೆ ಮತ್ತು ಸಂಜೆ ಖಾನಾವಳಿಯ ರೊಟ್ಟಿ.

ಮಧ್ಯಾಹ್ನದ ಊಟ ಮಾತ್ರ ಹದಿನೆಂಟು ವರ್ಷ ಗೋಡೆಯಾಚೆಯದು.

ದಿಲಾವರ ಹೂವಿನ ಹಿಪ್ಪರಗಿಯವನು. ಹದಿನಾರನೇ ವಯಸ್ಸಿಗೆ ಪುಣೆಗೆ ಹೋಗಿ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದ್ದ. ಅಲ್ಲಿನ ಅಡುಗೆಯವನು ನೇಪಾಳದ ಕಡೆಯವನು. ದಿನವಿಡೀ ದೊಡ್ಡ ಉರಿಯ ಮುಂದೆ ನೂಡಲ್ಸ್ ಹಾರಿಸುವ ಆ ಮನುಷ್ಯ ತಾನು ಮಾತ್ರ ಬಿಸಿ ನೂಡಲ್ಸ್ ಮುಟ್ಟುತ್ತಿರಲಿಲ್ಲ. ಮೂರು ಗಂಟೆಗೆ ಒಲೆ ಆರಿಸಿ, ಬೇಯಿಸಿ ಆರಿಸಿಟ್ಟ ರಾಶಿಯಿಂದ ಒಂದು ಹಿಡಿ ತೆಗೆದು, ಎಳ್ಳಿನ ಮುದ್ದೆಯನ್ನೂ ಸಿರ್ಕಾ ಎಂಬ ಹುಳಿನೀರನ್ನೂ ಕಲಸಿಕೊಂಡು, ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತಿದ್ದ. ಪಾತ್ರೆ ತೊಳೆಯುವ ದಿಲಾವರನಿಗೂ ಅದರಲ್ಲಿ ಪಾಲು ಸಿಗುತ್ತಿತ್ತು. ಸಿಂದಗಿಗೆ ಬಂದು ಬಸ್‌ ಸ್ಟ್ಯಾಂಡಿನ ಹತ್ತಿರ ಗೋಬಿ, ನೂಡಲ್ಸ್‌ನ ಸ್ವಂತ ಗಾಡಿ ಹಚ್ಚಿದಾಗ ಅವನು ಪುಣೆಯಿಂದ ತಂದ ವಿದ್ಯೆಯೆಲ್ಲ ಗಿರಾಕಿಗಳಿಗೆ ಹೋಯಿತು. ಆ ಮೆಟ್ಟಿಲ ಮೇಲಿನ ಹಿಡಿಯೊಂದನ್ನು ಮಾತ್ರ ಮನೆಗೆ ಇಟ್ಟುಕೊಂಡ. ಸಿರ್ಕಾದ ಬದಲು ಇಂಡಿಯ ನಿಂಬೆಹಣ್ಣು ಬಂತು. ಎಳ್ಳಿನ ಜೊತೆಗೆ ಒರಳಲ್ಲಿ ಕುಟ್ಟಿದ ಶೇಂಗಾ ಹಿಂಡಿ, ಆ ಚಟ್ನಿಪುಡಿ, ಸೇರಿತು.

ಗಾಡಿ ಹೊರಡುವುದು ಸಂಜೆ ಐದಕ್ಕೆ. ಆದರೆ ನೂಡಲ್ಸನ್ನು ಹನ್ನೊಂದಕ್ಕೇ ಬೇಯಿಸಬೇಕು. ಬಿಸಿಯದನ್ನು ಬಾಣಲೆಗೆ ಹಾಕಿದರೆ ಮುದ್ದೆಯಾಗುತ್ತದೆ. ದೊಡ್ಡ ಪಾತೇಲಿಯಲ್ಲಿ ಕುದಿಸಿ, ನೀರು ಬಸಿದು, ಎಣ್ಣೆ ಸವರಿ, ನಡುಮನೆಯಲ್ಲಿ ಮಲಗುವ ನೂಲಿನ ಹೊರಸಿನ ಮೇಲೆ ಹರವುತ್ತಿದ್ದ. ಹೊರಸಿನ ಮೇಲೆ ಮಾದರಪಾಟು, ಎಂದರೆ ದಪ್ಪನೆಯ ಬಿಳಿ ಹತ್ತಿಯ ಬಟ್ಟೆ. ಅಂಚು ಮಡಿಚಿ ಅದನ್ನು ಹೊಲಿದುಕೊಟ್ಟವನು ಶ್ರೀಶೈಲನೇ. ಮೇಲೆ ಫ್ಯಾನು ತಿರುಗುತ್ತಿತ್ತು. ಎರಡಕ್ಕೆ ಶ್ರೀಶೈಲ ಮಷೀನಿನಿಂದ ಎದ್ದು, ಕೈಯ ಎಣ್ಣೆ ಒರೆಸಿಕೊಂಡು, ಗೋಡೆ ಸುತ್ತಿ ಬರುತ್ತಿದ್ದ. ದಿಲಾವರ ರಾಶಿಗೆ ಕೈ ಹಾಕಿ ಮೂರು ತಟ್ಟೆಗೆ ತೆಗೆಯುತ್ತಿದ್ದ. ಮೂರನೆಯದು ಅವನ ಹೆಂಡತಿ ನಾಜಿಮಾಳದು. ಆಕೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಉಣ್ಣುತ್ತ ಇಬ್ಬರ ಮಾತಿಗೂ ನಡುನಡುವೆ ನಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

"ನಿನ್ನ ಕೊರಳಾನ ಲಿಂಗಪ್ಪ ಒಲ್ಲೆ ಅನ್ನೂದ ಇದರಾಗ ಏನೂ ಇಲ್ಲ ಮಾಸ್ತರ," ಎಂದು ದಿಲಾವರ ಮೊದಲ ದಿನವೇ ಹೇಳಿದ್ದ. "ತತ್ತಿ ಐದಕ್ಕ ಬರ್ತಾವ. ನೀ ಎರಡಕ್ಕ ಬರ್ತಿ."

"ಅದ ಹೋಗ್ಲಿ. ಬೆಂದದ್ದನ್ನ ತಂಗಳ ಮಾಡಿ ತಿನ್ನೂದು ಇದೆಂಥಾ ಶಾಸ್ತ್ರಲೇ? ಒಗ್ಗರಣಿ ಇಲ್ಲದ್ದನ್ನ ದನಾ ಸೈತ ಮೂಸಂಗಿಲ್ಲ ಅಂತಿದ್ಲು ನಮ್ಮವ್ವ."

"ಅದಕ್ಕ ದನಕ್ಕ ಹಾಕಿಲ್ಲ, ನಿನಗ ಹಾಕೇನಿ. ತಿನ್ನ."

ತಿಂದ. ನಿಂಬೆಯ ಹುಳಿ, ಶೇಂಗಾದ ಜಿಡ್ಡು, ಬೆಲ್ಲದ ಒಂದು ಎಳೆ ಸಿಹಿ, ಹೆಚ್ಚಿದ ಸೌತೆಕಾಯಿಯ ತಂಪು. ಹೊರಗೆ ನೆಲ ಕಾದ ಹಂಚಾಗಿದ್ದ ಆ ಮಧ್ಯಾಹ್ನ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ನೆರಳು ಇಳಿದಂತಾಯಿತು. ಮರುದಿನ ಎರಡಕ್ಕೆ ಕರೆಯದೆಯೇ ಬಂದ. ಆಮೇಲೆ ರಮಜಾನ್ ತಿಂಗಳೊಂದು ಬಿಟ್ಟು ದಿನವೂ ಬಂದ. ಆ ತಿಂಗಳು ದಿಲಾವರ ಬಲವಂತ ಮಾಡಿದರೂ ಅವನು ತಟ್ಟೆ ಮುಟ್ಟುತ್ತಿರಲಿಲ್ಲ. "ನಿನ್ನ ರೋಜಾ ಯಾವ ಲೆಕ್ಕದಾಗ ಬರ್ತೈತೋ ಏನೋ," ಎಂದು ದಿಲಾವರ ನಗುತ್ತಿದ್ದ.

ಏಪ್ರಿಲ್ ತಿಂಗಳ ಎರಡನೇ ವಾರ. ಶ್ರೀಶೈಲ ಬಸವನ ಬಾಗೇವಾಡಿಗೆ ಹೋಗಿದ್ದ, ಹೊಸ ಟ್ರ್ಯಾಕ್ಟರಿಗೆ ಹುಡ್ಡು ಕೂಡಿಸಲು. ಹೊರಡುವಾಗ ಗೋಡೆಯ ಮೇಲಿಂದ ಕೂಗಿ ಹೇಳಿದ್ದ, "ಎರಡರ ಮ್ಯಾಲ ಆಗ್ತದ, ನಂದ ತಗದಿಡು." ಹೂಂ ಎಂಬ ದನಿ ಬಂದಿತ್ತು. ಹನ್ನೆರಡಕ್ಕೆ ದಿಲಾವರ ಎದೆ ಹಿಡಿದುಕೊಂಡು ಕೂತ. ವಿಜಯಪುರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟ. ಶ್ರೀಶೈಲ ಸಿಂದಗಿ ಮುಟ್ಟಿದಾಗ ದೇಹವನ್ನು ಮನೆಗೆ ತಂದಾಗಿತ್ತು. ಮಲಗಿಸಲು ಹೊರಸು ಬೇಕಾಗಿ, ಯಾರೋ ಗಡಿಬಿಡಿಯಲ್ಲಿ ಮಾದರಪಾಟಿನ ನಾಲ್ಕೂ ಮೂಲೆ ಹಿಡಿದು ನೂಡಲ್ಸ್ ಸಮೇತ ಗಂಟು ಕಟ್ಟಿ ಹಿತ್ತಲಿಗೆ ಒಯ್ದು ಇಟ್ಟಿದ್ದರು. ಶ್ರೀಶೈಲ ಬಂದದ್ದು ಹಿತ್ತಲ ಬಾಗಿಲಿನಿಂದ. ಅವನು ಮೊದಲು ನೋಡಿದ್ದು ಗೆಳೆಯನ ಮುಖವನ್ನಲ್ಲ, ಆ ಗಂಟನ್ನು. ಪಕ್ಕದ ಮನೆಯ ಎಮ್ಮೆ ಅದರ ಬಾಯಿ ಬಿಚ್ಚಿಕೊಂಡು ತಿನ್ನುತ್ತಿತ್ತು. ಒಗ್ಗರಣೆ ಇಲ್ಲದ್ದನ್ನು ದನವೂ ಮೂಸುವುದಿಲ್ಲ ಎಂಬ ತಾಯಿಯ ಮಾತು ಸುಳ್ಳು ಎಂದು ಅವನಿಗೆ ಆಗ ಅನ್ನಿಸಿತಂತೆ. ಅಂಥ ಹೊತ್ತಿನಲ್ಲಿ ಇಂಥದ್ದು ಅನ್ನಿಸಿತಲ್ಲ ಎಂದು ಆಮೇಲೆ ಬಹಳ ದಿನ ತನ್ನ ಬಗ್ಗೆ ತಾನೇ ಹೇಸಿಕೊಂಡ.

ಸಂಜೆ ಮೂರು ಹಿಡಿ ಮಣ್ಣು ಹಾಕಿ ಬಂದ.

ಗಂಡ ತೀರಿದ ಹೆಣ್ಣುಮಗಳು ಅವರಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂಡುತ್ತಾಳೆ. ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಹೊರಗಿನ ಗಂಡಸರ ಎದುರು ಬರುವುದಿಲ್ಲ. ನಾಜಿಮಾಳ ತಾಯಿ ಅಖ್ತರಬೇಗಂ ಮುದ್ದೇಬಿಹಾಳದಿಂದ ಬಂದು ಮಗಳ ಜೊತೆ ಉಳಿದಳು. ಬಾಗಿಲಿಗೆ ದಪ್ಪನೆಯ ಪರದೆ ಬಿತ್ತು. ಹದಿನೆಂಟು ವರ್ಷ ಆ ಮನೆಯಲ್ಲಿ ಕುಳಿತು ಉಂಡ ಶ್ರೀಶೈಲ ಈಗ ಹೊರಗಿನ ಗಂಡಸು. ಅದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ನೇಮ ನೇಮವೇ. ಆದರೆ ಎರಡು ಗಂಟೆಗೆ ಮಷೀನಿನಿಂದ ಎದ್ದು ಎಲ್ಲಿಗೆ ಹೋಗಬೇಕು ಎಂಬುದು ಕಾಲಿಗೆ ತಿಳಿಯುತ್ತಿರಲಿಲ್ಲ. ಎದ್ದು, ಗೋಡೆಯ ತುದಿಯವರೆಗೆ ಹೋಗಿ, ನೀಲಿ ತಾಡಪತ್ರಿ ಹೊದ್ದು ನಿಂತ ಗಾಡಿ ಕಂಡು, ತಿರುಗಿ ಬರುತ್ತಿದ್ದ. ಆ ತಾಡಪತ್ರಿಯೂ ಅವನ ಹೊಲಿಗೆಯೇ.

ಇದ್ದತ್ ಮುಗಿದ ಮರುದಿನ ಮನೆಗೆ ಬೀಗ ಹಾಕಿ ಮಗಳನ್ನು ಮುದ್ದೇಬಿಹಾಳಕ್ಕೆ ಕರೆದೊಯ್ಯುವುದಾಗಿ ಅಖ್ತರಬೇಗಂ ಓಣಿಯವರಿಗೆ ಹೇಳಿದಳು. ಆಗಸ್ಟ್ ತಿಂಗಳ ಕೊನೆಯೊಳಗೆ. ಅದನ್ನು ಕೇಳಿದ ದಿನ ಶ್ರೀಶೈಲನ ತಲೆಯಲ್ಲಿ ಒಂದು ಮಾತು ಹೊಕ್ಕಿತು. ಆ ಮಧ್ಯಾಹ್ನದ ರುಚಿ ಗೊತ್ತಿದ್ದವರು ಈ ಲೋಕದಲ್ಲಿ ಮೂರೇ ಜನ. ಒಬ್ಬ ಹೋದ. ಇನ್ನೊಬ್ಬಳು ಹೋಗಲಿದ್ದಾಳೆ. ಆಮೇಲೆ ಅವನು ಏನನ್ನೋ ಕಲಸಿ ತಿಂದು ಅದು ಇದೇ ಎಂದುಕೊಂಡರೂ, ಹೌದು ಎನ್ನುವವರು ಇಲ್ಲ, ಅಲ್ಲ ಎನ್ನುವವರೂ ಇಲ್ಲ. ಬಾಗೇವಾಡಿಯಿಂದ ಬಂದು ಉಣ್ಣಬೇಕಿದ್ದ ಒಂದು ತಟ್ಟೆ ಅವನಿಗೆ ತಪ್ಪಿಹೋಗಿತ್ತು. ಅದನ್ನೊಂದು ಸಲ ಮಾಡಬೇಕು. ನಾಜಿಮಾ ಉಂಡು ಹೌದು ಅನ್ನಬೇಕು. ಬೀಗ ಬೀಳುವುದರೊಳಗೆ.

ದುಂಡೇಶನ ಅಂಗಡಿಗೆ ಹೋದದ್ದು ಅದಕ್ಕೆ.

ಆ ಮೊದಲ ಪ್ಯಾಕೆಟ್ಟನ್ನು ಅವನು ಅನ್ನ ಕುದಿಸಿದಂತೆ ಕುದಿಸಿದ. ಬಸಿಯುವಾಗ ಅದು ಒಂದೇ ತುಂಡಾಗಿ ತಟ್ಟೆಗೆ ಬಿತ್ತು. ಆದರೂ ಹಿಂಡಿ ಕಲಸಿ, ಅರ್ಧ ತಾನು ತಿಂದು, ಅರ್ಧವನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಪರದೆಯ ಮುಂದೆ ಹೋಗಿ ನಿಂತ.

"ಖಾಲಾ, ಭಾಬಿಗೆ ಕೊಡ್ರಿ. ರುಚಿ ಹ್ಯಾಂಗೈತಿ ಅಂತ ಕೇಳ್ರಿ."

ಸಂಜೆ ಅಖ್ತರಬೇಗಂ ಡಬ್ಬಿಯನ್ನು ಮರಳಿಸಿದಳು. ನಮ್ಮ ಕಡೆ ನೆರೆಮನೆಯ ಡಬ್ಬಿಯನ್ನು ಬರಿದು ಕೊಡುವುದಿಲ್ಲ. ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆಯಾದರೂ ಅದರಲ್ಲಿ ಇರಬೇಕು. ಡಬ್ಬಿ ಬರಿದಾಗಿತ್ತು.

"ಖಾಲಿ ಕೊಟ್ಲು ಅಂತ ಬ್ಯಾಸರ ಆಗಬ್ಯಾಡ ತಮ್ಮಾ. ಇದ್ದತ್ ಮುಗಿಯೂತನಕ ಈ ಮನಿಯಿಂದ ಸಿಹಿ ಹೊರಗ ಹೋಗಬಾರದು."

"ಅದಿರ್ಲಿ ಖಾಲಾ. ಏನಂದ್ರ ಭಾಬಿ?"

"ಅದಲ್ಲ ಅಂದ್ಲು." ಆಕೆ ಸೆರಗು ಸರಿಪಡಿಸಿಕೊಂಡು ತನ್ನ ಮಾತನ್ನೂ ಸೇರಿಸಿದಳು, "ನಂಗ ಕೇಳಿದ್ರ ಹೇಳ್ತೇನಿ, ಗ್ವಾಡಿಗಿ ಕಾಗದಾ ಹಚ್ಚಾಕ ಭಾಳ ಚಲೋ ಐತಿ."

ಎರಡನೆಯ ಸಲ ಎಳೆಗಳು ಬಿಡಿಬಿಡಿಯಾಗಿ ಬಂದವು. ಆದರೆ ಕೈಗೆ ತಾಯಿಯ ಕಾಲದ ರೂಢಿ. ಎಣ್ಣೆ ಕಂಡೊಡನೆ ಸಾಸಿವೆ ಹಾಕಿತು, ಸಾಸಿವೆ ಸಿಡಿದೊಡನೆ ಕರಿಬೇವು ಹಾಕಿತು. ಡಬ್ಬಿ ತುಂಬಿದ ಮೇಲೆ ಅವನಿಗೇ ಗೊತ್ತಾಯಿತು. ಆದರೂ ಒಯ್ದ. ಬೇಗ ಬೇಗ ಮಾಡುತ್ತ ಹೋದರೆ ಎಲ್ಲೋ ಒಂದು ಕಡೆ ಸರಿಹೋಗಬಹುದು ಎಂಬ ಆಸೆ.

"ಚಿತ್ರಾನ್ನ ಚೀನಾಕ್ಕ ಹೋಗಿ ಬಂದಾಂಗ ಐತಿ," ಎಂದಳು ಅಖ್ತರಬೇಗಂ. ಒಳಗಿನಿಂದ, ಬಹಳ ದಿನಗಳ ಮೇಲೆ, ನಾಜಿಮಾ ನಕ್ಕ ಸಣ್ಣ ದನಿ ಕೇಳಿಸಿತು. ಆ ನಗು ಅರ್ಧಕ್ಕೇ ನಿಂತಿತು. ಡಬ್ಬಿ ಬರಿದೇ ಬಂತು.

ಜುಲೈಯಲ್ಲಿ ಇಂಡಿಗೆ ಲಾರಿಯ ತಾಡಪತ್ರಿ ಕೂಡಿಸಲು ಹೋದವನು ಅಲ್ಲಿಂದ ಚೀಲ ತುಂಬ ನಿಂಬೆಹಣ್ಣು ತಂದ. ದಿಲಾವರ ಆರಿಸುತ್ತಿದ್ದಂಥವೇ, ತೆಳು ಸಿಪ್ಪೆಯವು, ಒಂದು ಮಗ್ಗುಲು ಹಳದಿ ತಿರುಗಿದವು. ಆ ಸಲ ಹಿಂಡಿಯ ಹದ ಬಂತು, ಬೆಲ್ಲದ ಹದ ಬಂತು. "ಹತ್ತರ ಬಂದಾರ, ಆದ್ರ ಅದಲ್ಲ ಅಂದ್ಲು," ಎಂಬ ಉತ್ತರ ಬಂತು. ಅದಲ್ಲ ಎಂಬುದು ಅವನ ನಾಲಿಗೆಗೂ ಗೊತ್ತಾಗುತ್ತಿತ್ತು. ಎಲ್ಲ ಇತ್ತು. ನೂಡಲ್ಸೇ ಇರಲಿಲ್ಲ. ಬಾಯಲ್ಲಿ ಅದು ಹಿಂಡಿಯನ್ನು ಹೊತ್ತುಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಒಮ್ಮೆ ಒಣಗಿದ ದಾರದಂತೆ, ಒಮ್ಮೆ ನೆನೆದ ದಾರದಂತೆ. ತಂಪು ಸಾಲದೇನೋ ಎಂದು ಜ್ಯೂಸಿನ ಅಂಗಡಿಯಿಂದ ಬರ್ಫ ತಂದು ಅದರ ಮೇಲಿಟ್ಟ. ಅದಂತೂ ಸತ್ತೇಹೋಯಿತು.

ಆ ದಿನ ಡಬ್ಬಿ ಒಯ್ದಹಾಗೆಯೇ ತುಂಬಿ ಮರಳಿ ಬಂತು.

"ಇವತ್ತ ಮುಚ್ಚಳಾ ತಗೀಲಿಲ್ಲ ಅಕಿ," ಎಂದಳು ಅಖ್ತರಬೇಗಂ. ಚೇಷ್ಟೆಯ ದನಿ ಇರಲಿಲ್ಲ. "ಗ್ವಾಡಿ ಕಡೆ ಮಕಾ ಮಾಡಿ ಮಲಗ್ಯಾಳ. ನೋಡು ತಮ್ಮಾ, ನಿನ್ನ ಮನಸ ನನಗ ಗೊತ್ತೈತಿ. ಆದ್ರ ಆರಾಕತ್ತಿದ ಗಾಯಾ ದಿನಾ ಕೆರದ್ರ ಹ್ಯಾಂಗ? ಬಿಡು."

ಬಿಟ್ಟ. ಉಳಿದ ಎರಡು ಪ್ಯಾಕೆಟ್ಟುಗಳನ್ನು ಮಷೀನಿನ ಖಾನೆಯಲ್ಲಿ, ಸೂಜಿ, ದಾರದ ಉಂಡೆಗಳ ಕೆಳಗೆ ಹಾಕಿಟ್ಟ. ಮಧ್ಯಾಹ್ನಕ್ಕೂ ಖಾನಾವಳಿಗೆ ಹೇಳಿದ. ಮುಂದಿನ ಮೂರು ವಾರ ಅವನು ಎರಡು ಗಂಟೆಗೆ ಏಳಲೇ ಇಲ್ಲ. ಎರಡಾದದ್ದು ಗೊತ್ತಾಗಬಾರದೆಂದು ಗೋಡೆಯ ಗಡಿಯಾರದ ಸೆಲ್ಲು ತೆಗೆದ. ಗೊತ್ತಾಗುತ್ತಿತ್ತು. ಬಿಸಿಲು ಹೊಸ್ತಿಲ ಮೇಲೆ ಎಲ್ಲಿಗೆ ಬಂದರೆ ಎರಡು ಎಂಬುದು ಹದಿನೆಂಟು ವರ್ಷದ ಅಳತೆ. ಟೇಪಿನ ಅಳತೆಗಿಂತ ಗಟ್ಟಿ.

ಆಗಸ್ಟ್ ಬಂತು. ಶ್ರಾವಣ ಹಿಡಿಯಿತು. ಇದ್ದತ್ ಮುಗಿಯಲು ಎಂಟೋ ಒಂಬತ್ತೋ ದಿನ ಇರುವಾಗ ಅಖ್ತರಬೇಗಂ ಗೋಡೆಯ ತುದಿಗೆ ಬಂದು ಕರೆದಳು. "ನಾಜಿಮಾ ಏನೋ ಕೇಳ್ತಾಳಂತ. ಬಾ."

ಪರದೆಯ ಈಚೆ ಅವನು ನಿಂತ. ಆಚೆ ಬಳೆಯ ಸದ್ದಿರಲಿಲ್ಲ. ಆದರೆ ಒಬ್ಬರು ನಿಂತದ್ದು ತಿಳಿಯುತ್ತಿತ್ತು. ನಡುವೆ ಹೊಸ್ತಿಲ ಮೇಲೆ ಅಖ್ತರಬೇಗಂ ಕುಳಿತು ಅಡಿಕೆ ಕತ್ತರಿಸತೊಡಗಿದಳು.

"ಭಯ್ಯಾ, ಒಂದ ಸಲಕ್ಕ ಎಷ್ಟ ಕುದಸ್ತೀರಿ?" ನಾಜಿಮಾಳ ದನಿ. ನಾಲ್ಕು ತಿಂಗಳ ಮೇಲೆ ಮೊದಲ ಸಲ.

"ಒಂದ ಪಾಕೀಟ ಭಾಬಿ. ನನಗೊಂದೀಟ, ನಿಮಗೊಂದೀಟ. ಇನ್ನೆಷ್ಟ ಬೇಕ?"

"ನಾನೂ ರಾತ್ರಿ, ಹಗಲು ಅದನ್ನ ಯೋಚನಿ ಮಾಡಾಕತ್ತಿದ್ನಿರಿ. ನಿಮ್ಮ ಹಿಂಡಿ ತಪ್ಪಿಲ್ಲ. ಹುಳಿ ತಪ್ಪಿಲ್ಲ. ಮತ್ತೇನ ತಪ್ಪೈತಿ ಅಂತ. ಅವ್ರು ರಾಶಿಗಿ ಕೈ ಹ್ಯಾಂಗ ಹಾಕ್ತಿದ್ರು, ನೆನಪೈತೇನ್ರಿ?"

ಶ್ರೀಶೈಲ ಕಣ್ಣು ಮುಚ್ಚಿದ. ಹೊರಸು ಕಂಡಿತು. ದಿಲಾವರ ಬಾಗುವುದು ಕಂಡಿತು. ಅಂಗಿಯ ತೋಳನ್ನು ಮೊಣಕೈವರೆಗೆ ಏರಿಸುತ್ತಿದ್ದ. ಯಾಕೆ ಅಷ್ಟು ಏರಿಸುತ್ತಾನೆ ಎಂದು ಅವನು ಎಂದೂ ಕೇಳಿರಲಿಲ್ಲ.

"ಕೈ ಒಳಗ ಹಾಕ್ತಿದ್ದ. ಮುಂಗೈ ಮುಳಗೂತನಕ."

"ಹೂಂ. ಮ್ಯಾಲಿಂದು ಫ್ಯಾನಿನ ಗಾಳಿಗಿ ಒಣಗಿರ್ತದ. ಕೆಳಗಿಂದು ಬಟ್ಟಿಗಿ ಅಂಟಿರ್ತದ. ನಡುವಿಂದ ಇರ್ತದಲ್ಲ, ಅದ ಮೆತ್ತಗ, ತಂಪಗ ಉಳಿದಿರ್ತದ. ಗಾಡಿಗಿ ಎಲ್ಲಾ ಕಲಸಿ ಒಯ್ತಿದ್ರು. ಆದ್ರ ನಿಮಗ ಯಾವಾಗಿದ್ರೂ ನಡುವಿಂದ ತಗದ ಹಾಕ್ತಿದ್ರು." ಆಕೆ ನಿಲ್ಲಿಸಿ, ಮತ್ತೆ ಮಾತಾಡಿದಳು. "ಒಂದ ಪಾಕೀಟಿಗಿ ನಡುವ ಎಲ್ಲಿರ್ತದ್ರಿ ಭಯ್ಯಾ?"

ಅಖ್ತರಬೇಗಂಳ ಅಡಕತ್ತರಿಯ ಸದ್ದು ನಿಂತಿತ್ತು.

ಜೀವಮಾನವಿಡೀ ಅಳೆದು ಕತ್ತರಿಸಿದ ಮನುಷ್ಯ ಅವನು. ಒಂದು ಸೀಟಿಗೆ ಒಂದು ಸೀಟಿನಷ್ಟು ರೆಕ್ಸಿನ್, ಒಬ್ಬ ಮನುಷ್ಯನಿಗೆ ಒಬ್ಬನಷ್ಟು ನೂಡಲ್ಸ್. ಬಟ್ಟೆ ಹಾಳಾಗಬಾರದು ಎಂಬ ಕಸುಬಿನ ಧರ್ಮವನ್ನು ಒಲೆಯ ಮುಂದೆಯೂ ಬಿಟ್ಟಿರಲಿಲ್ಲ. ದಿಲಾವರ ಮಾಡುತ್ತಿದ್ದುದು ಮೂವರ ಅಡುಗೆ ಎಂದು ತಿಳಿದಿದ್ದ. ಅವನು ಮಾಡುತ್ತಿದ್ದುದು ಊರಿನ ಅಡುಗೆ. ಅದರ ಹೊಟ್ಟೆಯಿಂದ ಮೂವರದು ಬರುತ್ತಿತ್ತು.

"ಉಗುರಿನಿಂದ ಒಂದ ಎಳಿ ಒತ್ತಿ ನೋಡ್ರಿ," ಎಂದಳು ನಾಜಿಮಾ. "ನಡುವ ಸೂಜಿಮೊನಿ ಅಷ್ಟ ಬಿಳಿ ಚುಕ್ಕಿ ಕಂಡ್ರ ಇಳಸ್ರಿ. ಆಮ್ಯಾಲ ಮೂರ ತಾಸ ಕೈ ಹಚ್ಚಬ್ಯಾಡ್ರಿ."

ಇದ್ದತ್ತಿನ ಕೊನೆಯ ದಿನ ಬೆಳಿಗ್ಗೆ ಶ್ರೀಶೈಲ ದುಂಡೇಶನ ಅಂಗಡಿಗೆ ಹೋದ.

"ನೂಡಲ್ಸ್. ಎಷ್ಟ ಪಾಕೀಟ ಅದಾವ?"

ದುಂಡೇಶ ಸ್ಟೂಲು ಹತ್ತಿ ಎಣಿಸಿದ. "ಇಪ್ಪತ್ತೆರಡ. ಎಷ್ಟ ಬೇಕ?"

"ಅಷ್ಟೂ ಕೊಡು."

"ಒಬ್ಬಂವ ಅದೇನಿ ಅಂದಿದ್ರಿ."

"ಒಬ್ಬಂವ ಅದೇನಿ," ಎಂದ ಶ್ರೀಶೈಲ. "ಅದಕ್ಕ ಇಷ್ಟ ಬೇಕಾಗ್ಯಾವ."

ಶಾಮಿಯಾನದವರಿಂದ ಪಾತೇಲಿ ತಂದ. ಹಳೆಯ ಬಟ್ಟೆಯನ್ನು ಕೇಳಲು ಮನಸ್ಸಾಗಲಿಲ್ಲ. ಹಿಂದಿನ ದಿನವೇ ಹೊಸ ಮಾದರಪಾಟು ತಂದು, ತೊಳೆದು ಒಣಗಿಸಿ, ನಾಲ್ಕೂ ಅಂಚು ಮಡಿಚಿ ಹೊಲಿದಿದ್ದ. ಹೊರಸು ಅವನದೇ, ದಿನವೂ ಮಲಗುವುದು. ಹಾಸಿಗೆ ತೆಗೆದು, ನೂಲಿನ ಹೆಣಿಕೆಯ ಮೇಲೆ ಬಟ್ಟೆ ಹಾಸಿದ. ಹತ್ತರ ಸುಮಾರಿಗೆ ನೀರು ಕುದಿಯಿತು. ಕಂತು ಕಂತಾಗಿ ಬೇಯಿಸಿದ. ಉಗುರಿನಿಂದ ಒತ್ತಿದ. ಬಿಳಿ ಚುಕ್ಕೆ ಕಂಡಿತು. ಬಸಿದು, ಎಣ್ಣೆ ಸವರಿ, ಹೊರಸಿನ ನಡುವೆ ಒಂದು ಗೇಣು ಎತ್ತರಕ್ಕೆ ಹರವಿದ. ಹಬೆ ಏಳುತ್ತಿತ್ತು. ಫ್ಯಾನು ಹಚ್ಚಿದ. ಗಡಿಯಾರಕ್ಕೆ ಸೆಲ್ಲು ಹಾಕಿ ಮುಳ್ಳು ಸರಿಪಡಿಸಿದ.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ.

ಮೂರು ತಾಸು ಅವನು ಆ ಹೊರಸಿನ ಎದುರು ಕುಳಿತ. ಕೆಲಸ ಬಹಳ ಬಿದ್ದಿತ್ತು, ಆದರೆ ಮಷೀನು ತುಳಿಯಲಿಲ್ಲ. ಹೊರಗೆ ಶ್ರಾವಣದ ಜಿಟಿಜಿಟಿ ಬಂದು ಹೋಯಿತು. ತನ್ನ ಮಲಗುವ ಜಾಗದಲ್ಲಿ ಇನ್ನೇನೋ ಮಲಗಿರುವುದನ್ನು ಅವನು ನೋಡುತ್ತಿದ್ದ. ದಿಲಾವರನ ಹೊರಸಿನ ಮೇಲೆ ಬೆಳಿಗ್ಗೆ ಇದೂ ಮಧ್ಯಾಹ್ನ ಅವನೂ ಇದ್ದ ದಿನ ನೆನಪಾಯಿತು. ನೆನಪನ್ನು ತಡೆಯಲಿಲ್ಲ. ಅವನು ಅಂದು ಅತ್ತಿರಲಿಲ್ಲ, ಮಣ್ಣು ಹಾಕುವಾಗಲೂ. ಈಗಲೂ ಅಳು ಬರಲಿಲ್ಲ. ಸೌತೆಕಾಯಿ ಹೆಚ್ಚಿದ. ಎಳ್ಳು ಹುರಿದ. ಹಿಂಡಿಗೆ ನಿಂಬೆ ಹಿಂಡಿ, ಬೆಲ್ಲ ಕದಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಮುಚ್ಚಿಟ್ಟ.

ಎರಡು ಹೊಡೆಯಿತು. ಅಂಗಿಯ ತೋಳು ಮೊಣಕೈವರೆಗೆ ಏರಿಸಿ, ರಾಶಿಗೆ ಕೈ ಹಾಕಿದ. ಮೇಲೆ ಒರಟು. ಕೈ ಇಳಿಯಿತು. ಒಳಗೆ ತಂಪು. ನೆಲದೊಳಗಿನ ಕಾಳಿನ ಹಗೇವಿಗೆ ಕೈ ಇಳಿಬಿಟ್ಟಂತೆ. ಮುಂಗೈ ಮುಳುಗಿತು. ಅಲ್ಲಿಂದ ಹಿಡಿದು ತೆಗೆದ. ಎಳೆಗಳು ಜಾರುತ್ತ, ಒಂದಕ್ಕೊಂದು ಅಂಟದೆ ಬಂದವು.

ಡಬ್ಬಿ ತುಂಬಿ ಪರದೆಯ ಮುಂದೆ ಇಟ್ಟು, ಕೂಗಿ ಹೇಳಿ, ಅಲ್ಲಿ ನಿಲ್ಲದೆ ತಿರುಗಿ ಬಂದ. ತನ್ನ ತಟ್ಟೆ ಎದುರಿಟ್ಟುಕೊಂಡ. ಮೊದಲ ತುತ್ತಿಗೇ ಗೊತ್ತಾಯಿತು. ಹೌದು. ಇದು ಅದೇ. ಗಂಟಲಿನಿಂದ ಹೊಟ್ಟೆಯವರೆಗೆ ಆ ನೆರಳು ಇಳಿಯಿತು. ಎರಡನೆಯ ತುತ್ತನ್ನು ಬಾಯಿಗಿಟ್ಟು, ಏನೋ ಹೇಳಲೆಂದು ತಲೆ ಎತ್ತಿದ.

ಹೇಳುವಂಥದ್ದು ಏನೂ ದೊಡ್ಡ ಮಾತಲ್ಲ.

ಬಾಗೇವಾಡಿಯ ಗಿರಾಕಿಯ ಹುಡ್ಡು ಗಾಳಿಗೆ ಹಾರಿಹೋಗಿ ಹುಣಸೆಮರದಲ್ಲಿ ಸಿಕ್ಕಿಕೊಂಡಿತ್ತಂತೆ ಎಂಬ ಸುದ್ದಿ. ದಿನವೂ ಹೇಳುತ್ತಿದ್ದಂಥ ಸುದ್ದಿ. ಎದುರಿಗೆ ಹೊರಸು ಇತ್ತು, ರಾಶಿ ಇತ್ತು, ಫ್ಯಾನು ತಿರುಗುತ್ತಿತ್ತು. ಶ್ರೀಶೈಲ ಎತ್ತಿದ ತಲೆಯನ್ನು ಇಳಿಸಲಾರದೆ ಹಾಗೆಯೇ ಕುಳಿತ. ನಾಲ್ಕು ತಿಂಗಳು ಅವನು ರುಚಿಯನ್ನು ಹುಡುಕಿದ್ದ. ರುಚಿ ಸಿಕ್ಕಿತು. ಅವನು ಹುಡುಕಿದ್ದು ಅದನ್ನಾಗಿರಲಿಲ್ಲ. ಅಳು ಬಂದದ್ದು ಆಗ.

ತಟ್ಟೆಯನ್ನು ಮಾತ್ರ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಪೂರ್ತಿ ಉಂಡ. ಅದು ಏಪ್ರಿಲ್ ತಿಂಗಳಿನಿಂದ ತೆಗೆದಿಟ್ಟ ಪಾಲು.

ಉಳಿದ ರಾಶಿಯನ್ನು ಓಣಿಯ ಮನೆಮನೆಗೂ ಹಂಚಿದ. ಅವರವರು ಬಲ್ಲದ್ದನ್ನು ಅವರವರು ಮಾಡಿಕೊಂಡರು. ಮೂಲೆಯ ಮನೆಯ ಖಂಡೆಪ್ಪನ ಹೆಂಡತಿ ಇದು ಯಾವುದೋ ಹೊಸ ನಮೂನೆಯ ಶ್ಯಾವಿಗೆ ಎಂದು ಹಾಲು, ಸಕ್ಕರೆ, ತುಪ್ಪ ಹಾಕಿದಳಂತೆ. ಚಲೋ ಆಗಿತ್ತು ಎಂದು ಖಂಡೆಪ್ಪ ಸಂಜೆ ಬಂದು ಹೇಳಿಹೋದ. ದಿಲಾವರ ಇದ್ದಿದ್ದರೆ ಈ ಮಾತಿಗೆ ಒಂದು ವಾರ ನಗುತ್ತಿದ್ದ.

ಮರುದಿನ ಬೆಳಿಗ್ಗೆ ಟಂಟಂ ರಿಕ್ಷಾ ಬಂದು ನಿಂತಿತು. ಟ್ರಂಕು, ಹಾಸಿಗೆಯ ಸುರುಳಿ ಏರಿದವು. ಪರದೆ ಸರಿಯಿತು. ನಾಜಿಮಾ ಬುರ್ಖಾ ತೊಟ್ಟು ಬಾಗಿಲಿಗೆ ಬಂದಳು. ಮುಖ ತೆರೆದಿತ್ತು. ನಾಲ್ಕು ತಿಂಗಳಲ್ಲಿ ಆಕೆಯ ಕಣ್ಣಿನ ಸುತ್ತ ಬಹಳ ವರ್ಷ ಕಳೆದಿದ್ದವು. ಡಬ್ಬಿಯನ್ನು ತಾನೇ ಅವನ ಕೈಗೆ ಕೊಟ್ಟಳು. ಅದು ಭಾರವಾಗಿತ್ತು.

"ಉಪ್ಪ ಒಂದೀಟ ಕಮ್ಮಿ ಆಗಿತ್ರಿ ಭಯ್ಯಾ," ಎಂದಳು.

ಶ್ರೀಶೈಲನ ಮುಖ ಇಳಿಯಿತು.

"ಅವ್ರದೂ ದಿನಾ ಕಮ್ಮೀನ ಇರ್ತಿತ್ತು. ನಾ ಹೊಸ್ತಿಲ ಮ್ಯಾಲ ಕುಂತ, ನಂದರಾಗ ಸಪರೇಟ ಉದರಿಸ್ಕೋತಿದ್ನಿ. ಅವ್ರಿಗಿ ಎಂದೂ ಹೇಳಿಲ್ಲ." ಆಕೆ ಬಾಗಿಲಿನ ಕಡೆ ಒಮ್ಮೆ ನೋಡಿದಳು. "ನಿನ್ನೆ ಉದರಿಸ್ಕೊಳ್ಳಲಿಲ್ರಿ. ಹಂಗ ಉಂಡ್ನಿ."

"ನಡಿ ನಡಿ, ಮಳಿ ಬಂದೀತು," ಎಂದು ಅಖ್ತರಬೇಗಂ ಅವಸರ ಮಾಡಿದಳು. ಹತ್ತುವ ಮೊದಲು ಹಿಂತಿರುಗಿ, "ತಮ್ಮಾ, ಮುದ್ದೇಬಿಹಾಳ ಕಡೆ ತಾಡಪತ್ರಿ ಕೆಲಸ ಬಂದ್ರ ಮನಿಗಿ ಬಾ. ಗೋಂದ ಮಾಡ್ಕೊಂಡ ಬರಬ್ಯಾಡ ಅಷ್ಟ," ಎಂದಳು. ಅವನು ಹೂಂ ಎಂದ.

ಬೀಗ ಬಿತ್ತು. ಟಂಟಂ ಓಣಿಯ ತಿರುವು ದಾಟಿತು. ಗಾಡಿಯ ನೀಲಿ ತಾಡಪತ್ರಿಯ ಮೇಲೆ ನಿನ್ನೆಯ ಮಳೆನೀರು ನಿಂತಿತ್ತು. ಶ್ರೀಶೈಲ ಅದನ್ನು ಕೆಳಗಿನಿಂದ ಕೈಯಿಂದ ಎತ್ತಿ ಚೆಲ್ಲಿ ಒಳಗೆ ಬಂದ. ಡಬ್ಬಿಯ ಮುಚ್ಚಳ ತೆಗೆದ. ಅಂಚಿನವರೆಗೂ ಸಕ್ಕರೆ.

ಎರಡು ಗಂಟೆಗೆ ಖಾನಾವಳಿಯ ಬುತ್ತಿ ಬಿಚ್ಚಿ ಉಂಡ. ಉಂಡು ಹೊರಸಿನ ಮೇಲೆ ಅಡ್ಡಾದ. ರಾಶಿಯ ಎಣ್ಣೆ ಮಾದರಪಾಟು ದಾಟಿ ನೂಲಿನ ಹೆಣಿಕೆಗೆ ಇಳಿದಿತ್ತು. ಮಲಗಿದರೆ ಬೆನ್ನಿಗೆ ಹತ್ತುತ್ತಿತ್ತು, ಅದರ ವಾಸನೆ ಮೂಗಿಗೆ ಬರುತ್ತಿತ್ತು. ಹೊರಗೆ ಮೋಡ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಸೋಪಿನ ನೀರು ಹಾಕಿ ಉಜ್ಜಿ, ಆ ಬಿಸಿಲಿಗೆ ಒಯ್ದು ನಿಲ್ಲಿಸಿದ್ದರೆ ಸಂಜೆಯೊಳಗೆ ಹೊರಸು ಸ್ವಚ್ಛವಾಗುತ್ತಿತ್ತು.

ಶ್ರೀಶೈಲ ಅದನ್ನು ಬಿಸಿಲಿಗೆ ಹಾಕಲಿಲ್ಲ.